ಹದಿನೇಳನೆಯ ಕಾಲಂ

ಅರ್ಜಿಯಲ್ಲಿ ಯಾವ ಕಾಲಮನ್ನೂ ಖಾಲಿ ಬಿಡಬಾರದು ಎಂದು ಮೂವತ್ತನಾಲ್ಕು ವರ್ಷ ಜನರನ್ನು ಗದರಿಸಿಕೊಂಡು ಬಂದವನು ನಾನು. ಇದ್ದರೆ ಇದೆ ಎಂದು ಬರೆಯಿರಿ, ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ, ಬರೇ ಗೆರೆ ಎಳೆದು ಕೊಡಬೇಡಿ. ಬ್ಯಾಂಕಿನವನ ಈ ಚಾಳಿ ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ಅದರಿಂದ ಒಬ್ಬ ಹುಡುಗಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ. ಹೇಳುವಾಗ ನನ್ನ ನಾಲಗೆ ಹರಿತವಾದರೆ ಆಗಲಿ. ಸಿಹಿಯಾಗಿ ಮಾತಾಡುವವರನ್ನು ನೋಡಿ ನೋಡಿ ನನಗೆ ಹೇಸಿಗೆ ಹುಟ್ಟಿದೆ.

ನಾನು ಮಾಚಯ್ಯ, ವಿರಾಜಪೇಟೆ ಕಡೆಯವನು. ಸರ್ವಿಸಿನ ಕೊನೆಯ ನಾಲ್ಕು ವರ್ಷ ಕೊಚ್ಚಿಯ ಮಟ್ಟಾಂಚೇರಿ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಹೆಂಡತಿ ಭವಾನಿ ಇಲ್ಲಿಯೇ ಶಾಲೆಯಲ್ಲಿ ಟೀಚರ್. ಅವಳ ಸರ್ವಿಸ್ ಇನ್ನೂ ಮೂರು ವರ್ಷ ಇದ್ದುದರಿಂದ ನಾನು ನಿವೃತ್ತನಾದ ಮೇಲೂ ಕಲೂರಿನ ಫ್ಲ್ಯಾಟಿನಲ್ಲೇ ಉಳಿದೆವು.

ಅಪೇಕ್ಷಾಳನ್ನು ನಾನು ಮೊದಲು ನೋಡಿದ್ದು ಶಾಖೆಯ ಕೌಂಟರಿನ ಮುಂದೆ, ನಾನು ಕೂಗಾಡುತ್ತಿದ್ದಾಗ. ಕೌಸಲ್ಯಾ ಎಂಬ ಎಪ್ಪತ್ತು ದಾಟಿದ ಹೆಂಗಸು ಪಿಂಚಣಿಯ ಖಾತೆಗೆ ಆಧಾರ್ ಜೋಡಿಸಲು ಬಂದಿದ್ದಳು. ಬೆರಳಚ್ಚಿನ ಯಂತ್ರ ಅವಳ ಬೆರಳನ್ನು ಐದನೆಯ ಸಲ ತಿರಸ್ಕರಿಸಿತು. ಹಿಂದೆ ಸಾಲು ಬಾಗಿಲಾಚೆಗೆ ಬೆಳೆದಿತ್ತು. ಕೈ ತೊಳೆದುಕೊಂಡು ಬರಬಾರದೇ ಎಂದು ನಾನು ರೇಗಿದೆ. ಮುದುಕಿಯ ಪಕ್ಕದಲ್ಲಿ ನಿಂತಿದ್ದ ತೆಳ್ಳನೆಯ ಹುಡುಗಿ ತನ್ನಷ್ಟಕ್ಕೇ ಗೊಣಗಿದಳು: "ಎಂತ ಮನುಷ್ಯನಪ್ಪ ಇದು. ಬೆರಳಲ್ಲಿ ಗೆರೆಯೇ ಇಲ್ಲದಿದ್ರೆ ಎಂತದನ್ನು ತೊಳೆಯುದು?"

ಅಚ್ಚ ಕಾಸರಗೋಡಿನ ಕನ್ನಡ. ನಾನು ಕನ್ನಡದಲ್ಲೇ ಕೇಳಿದೆ, "ಏನಮ್ಮ, ನನಗೇ ಹೇಳಿದ್ದಾ?"

"ಅಯ್ಯೋ ದೇವರೇ! ನಿಮ್ಗೆ ಕನ್ನಡ ಬರ್ತದಾ ಸರ್?" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಆದರೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಮುದುಕಿಯ ಕೈಯನ್ನು ಅಂಗಾತ ಮಾಡಿ ನನ್ನ ಮೇಜಿನ ಮೇಲಿಟ್ಟಳು. ನಲವತ್ತು ವರ್ಷ ಗೋಡೌನಿನಲ್ಲಿ ಒಣಶುಂಠಿಗೆ ಸುಣ್ಣ ಹಚ್ಚಿದ ಕೈ. ಬೆರಳ ತುದಿಗಳು ತಿಕ್ಕಿ ಇಟ್ಟ ಪಾತ್ರೆಯ ಹಾಗೆ ನುಣ್ಣಗಿದ್ದವು. ನಾನು ತೆಪ್ಪಗೆ ಕಣ್ಣಿನ ಯಂತ್ರ ತರಿಸಿದೆ. ಅಂದಿನಿಂದ ಪಿಂಚಣಿಯ ತೊಡಕು ಬಂದಾಗಲೆಲ್ಲ ಅವಳು ನನ್ನನ್ನೇ ಕೇಳತೊಡಗಿದಳು.

ಅಪೇಕ್ಷಾ ಬದಿಯಡ್ಕದವಳು. ತಂದೆ ಅಲ್ಲಿ ಟೈಲರ್, ತಾಯಿ ಬೀಡಿ ಕಟ್ಟುತ್ತಿದ್ದಳು. ಕನ್ನಡ ಶಾಲೆಯಲ್ಲಿ ಓದಿ, ಬಿ.ಕಾಂ. ಮಾಡಲು ಎರ್ನಾಕುಲಂಗೆ ಬಂದಿದ್ದಳು. ಮೊದಲ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆಂದು ಮಟ್ಟಾಂಚೇರಿಗೆ ಹೋದಾಗ ಕೌಸಲ್ಯಾ ಇವಳ ಕೈ ಹಿಡಿದು ನಿಲ್ಲಿಸಿ ಒಂದು ಸರ್ಕಾರಿ ಕಾಗದ ಕೊಟ್ಟು ಓದು ಮೋಳೇ, ಓದು ಮಗಳೇ ಎಂದಳಂತೆ. ಇವಳಿಗೋ ಮಲಯಾಳ ಮಾತಾಡಲು ನೀರು ಕುಡಿದಷ್ಟು ಸುಲಭ, ಓದಲು ಬಾರದು. "ಕಾಲೇಜಿನ ಹುಡುಗಿ, ಓದ್ಲಿಕ್ಕೆ ಬರುದಿಲ್ಲ ಹೇಳ್ಲಿಕ್ಕೆ ನಾಚಿಕೆ ಆಯ್ತು ಸರ್. ನಾಳೆ ಓದಿ ಹೇಳ್ತೇನೆ ಹೇಳಿ ಕಾಗದ ತಗೊಂಡು ಹೋದೆ." ರೂಮ್‌ಮೇಟಿನ ಹತ್ತಿರ ಓದಿಸಿಕೊಂಡು ಮರುದಿನ ಬೋಟು ಹತ್ತಿ ಹೋಗಿ ಹೇಳಿದಳು. ಅದನ್ನು ನೋಡಿದ ಪಕ್ಕದ ಮನೆಯವಳೂ ಒಂದು ಕಾಗದ ತಂದಳು. ಇವಳು ಮಲಯಾಳ ಅಕ್ಷರ ಕಲಿತದ್ದೇ ಆ ಮುದುಕಿಯರ ಪಿಂಚಣಿ ಕಾಗದಗಳಿಂದ.

ಎರಡು ವರ್ಷದಲ್ಲಿ ಅವಳ ಲೆಕ್ಕಕ್ಕೆ ಹದಿನೆಂಟು ಹೆಂಗಸರು ಸೇರಿದ್ದರು. ಎಲ್ಲರೂ ಗೋಡೌನುಗಳಲ್ಲಿ ಶುಂಠಿ, ಮೆಣಸು ಆರಿಸಿ ಸವೆದವರು. ಕೇರಳದಲ್ಲಿ ಪಿಂಚಣಿದಾರರು ವರ್ಷಕ್ಕೊಮ್ಮೆ ಅಕ್ಷಯ ಎಂಬ ಸರ್ಕಾರಿ ಸೇವಾ ಸೆಂಟರಿಗೆ ಹೋಗಿ, ನಾನಿನ್ನೂ ಸತ್ತಿಲ್ಲ ಎಂದು ಬೆರಳೊತ್ತಿ ತೋರಿಸಬೇಕು. ಮಸ್ಟರಿಂಗ್ ಎನ್ನುತ್ತಾರೆ. ಬೆರಳು ಹಿಡಿಸದವರು ಕಣ್ಣು ತೋರಿಸಬೇಕು, ಕಣ್ಣಿನಲ್ಲಿ ಪೊರೆ ಇದ್ದವರು ಕಾರ್ಪೊರೇಷನ್ ಕಚೇರಿಯಿಂದ ಪತ್ರ ತರಬೇಕು. ತಪ್ಪಿದರೆ ಪಿಂಚಣಿ ನಿಂತಿತು. ಅಪೇಕ್ಷಾ ವಾರಕ್ಕೆ ಮೂರು ಸಂಜೆ, ಶನಿವಾರ ಇಡೀ ದಿನ ಇದೇ ಓಡಾಟದಲ್ಲಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಫೋಟೋ ತೆಗೆದಿರಲಿಲ್ಲ.

ಅವಳು ಎರಡನೇ ವರ್ಷದಲ್ಲಿದ್ದಾಗ ತಂದೆಯ ಕಣ್ಣು ಕೈಕೊಟ್ಟಿತು. ಸೂಜಿಗೆ ದಾರ ಕಾಣದ ಟೈಲರ್ ಅಂಗಡಿ ಮುಚ್ಚಿದ. ಜೂನ್‌ನಿಂದ ಹಾಸ್ಟೆಲಿನ ಖರ್ಚನ್ನು ನೀನೇ ನೋಡಿಕೊಳ್ಳಬೇಕು ಮಗಳೇ ಎಂದು ಮನೆಯಿಂದ ಫೋನು ಬಂತು. ಎಡಪ್ಪಳ್ಳಿಯ ಮಾಲಿನ ಒಂದು ಬಟ್ಟೆ ಅಂಗಡಿಯಲ್ಲಿ ಸಂಜೆಯ ಪಾಳಿಯ ಕೆಲಸವಿತ್ತು. ಅದಕ್ಕೆ ಸೇರಿದರೆ ಓದು ಉಳಿಯುತ್ತದೆ, ಮಟ್ಟಾಂಚೇರಿ ಹೋಗುತ್ತದೆ. "ಹದಿನೆಂಟು ಜನರನ್ನು ಯಾರ ಕೈಗೆ ಕೊಡುದು ಸರ್?" ಎಂದು ಅವಳು ಕೇಳಿದಳು.

ಉತ್ತರ ತಾನಾಗಿ ಬಂತು ಎಂದುಕೊಂಡೆ, ಮೂರ್ಖ ನಾನು. ತಿರುವನಂತಪುರದ ಒಂದು ಟ್ರಸ್ಟಿನವರು ನನ್ನನ್ನು ಆಯ್ಕೆ ಸಮಿತಿಗೆ ಕರೆದರು. ಟ್ರಸ್ಟಿನ ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಮುಕ್ಕಳಿಸಬೇಕು. ಸಮಾಜಸೇವೆ ಮಾಡುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ತಿಂಗಳು ತಿಂಗಳು ಹಣ ಕೊಡುವ ಫೆಲೋಶಿಪ್. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬ ಸಮಿತಿಯಲ್ಲಿದ್ದರೆ ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆಂದು ನಾನು. ವಯಸ್ಸು ಇಪ್ಪತ್ತೈದರ ಒಳಗಿರಬೇಕು, ಕೇರಳದ ಕಾಲೇಜಿನಲ್ಲಿ ಓದುತ್ತಿರಬೇಕು, ವರ್ಷದಲ್ಲಿ ಇನ್ನೂರು ಗಂಟೆ ಸೇವೆ ಮಾಡಿರಬೇಕು, ಪ್ರಿನ್ಸಿಪಾಲರ ಪತ್ರ ಇರಬೇಕು. ಅರ್ಹತೆಯ ಪಟ್ಟಿ ಓದುತ್ತಾ ಓದುತ್ತಾ ಇದನ್ನು ಯಾರೋ ಅಪೇಕ್ಷಾಳನ್ನೇ ಎದುರಿಗೆ ಕೂರಿಸಿಕೊಂಡು ಬರೆದಿದ್ದಾರೆ ಎನ್ನಿಸಿತು. ಅವತ್ತೇ ಫೋನು ಮಾಡಿ ಅರ್ಜಿ ಹಾಕಿಸಿದೆ.

ಎರಡು ದಿನ ಬಿಟ್ಟು ಅವಳ ಫೋನು ಬಂತು.

"ಸರ್, ಹದಿನೇಳನೇ ಕಾಲಂ ಉಂಟಲ್ಲ, ಸೇವೆ ಪಡೆದವರಿಂದ ನಗದಾಗಿ ಅಥವಾ ವಸ್ತುವಾಗಿ ಏನಾದ್ರೂ ಪಡೆದಿದ್ರೆ ವಿವರ ಬರೀಬೇಕಂತೆ. ಅಲ್ಲಿ ಎಂತ ಬರೀಲಿ? ಖಾಲಿ ಬಿಡ್ಲಾ?"

"ಖಾಲಿ ಯಾಕಮ್ಮ ಬಿಡ್ತೀಯ? ಖಾಲಿ ಬಿಟ್ಟ ಕಾಲಂ ನೋಡಿದ್ರೆ ಅನುಮಾನ ಬರುತ್ತೆ. ಏನು ತಗೊಂಡಿದ್ದೀಯ?"

"ಹಣ ಎಂತದೂ ಇಲ್ಲ ಸರ್. ಚಾಯ ಕೊಡ್ತಾರೆ. ಮತ್ತೆ ಓಣಂಗೆ..."

"ಇದ್ದದ್ದನ್ನ ಇದ್ದ ಹಾಗೆ ಬರಿ. ಪೂರ್ತಿ ಬರಿ. ನಿಜ ಬರೆದವರಿಗೆ ಯಾವ ಆಡಿಟರ್‌ನ ಹೆದರಿಕೆ?" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಫೋನಿಟ್ಟೆ.

ಅವಳು ಪೂರ್ತಿ ಬರೆದಳು. ಪ್ರತಿ ಶನಿವಾರ ಚಹಾ ಮತ್ತು ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ. ರಂಜಾನಿನಲ್ಲಿ, ಹದಿನೆಂಟರಲ್ಲಿ ಒಬ್ಬಳಾದ ಚಹಾ ಅಂಗಡಿ ಅಶ್ರಫ್‌ನ ತಾಯಿ, ಎಲ್ಲರ ಬಾಯಲ್ಲಿ ಅಶ್ರಫ್‌ನ ಉಮ್ಮ, ಕೊಟ್ಟ ಪತ್ತಿರಿ ಎಂಬ ಅಕ್ಕಿರೊಟ್ಟಿ. ಓಣಂಗೆ ಎಲ್ಲರೂ ಸೇರಿ ಕೊಟ್ಟ ಒಂದು ಸೆಟ್ಟುಮುಂಡು.

ಆ ಸೆಟ್ಟುಮುಂಡಿನ ವಿಷಯ ಹೇಳಬೇಕು. ಓಣಂ ಬಂದರೆ ಮನೆಯ ಹಿರಿಯರು ಕಿರಿಯರಿಗೆ ಹೊಸ ಬಟ್ಟೆ ಕೊಡುವುದು ಇಲ್ಲಿನ ಕ್ರಮ. ಓಣಕ್ಕೋಡಿ ಎನ್ನುತ್ತಾರೆ. ಹದಿನೆಂಟು ಮುದುಕಿಯರು ಸೇರಿ ಬಿಳಿ ಬಟ್ಟೆಗೆ ಸಣ್ಣ ಜರಿಯಂಚು ಇರುವ ಒಂದು ಜೊತೆ ತಂದು ಇವಳ ಕೈಗಿಟ್ಟಿದ್ದರು. ಹಿರಿಯರು ಕೊಟ್ಟ ಓಣಕ್ಕೋಡಿಯನ್ನು ಬೇಡ ಎನ್ನುವುದು ಅವರ ಮುಖದ ಮೇಲೆ ಬಾಗಿಲು ಹಾಕಿದಂತೆ. ಇದು ಮಲಯಾಳಿಗಳಿಗೆ ಯಾರೂ ವಿವರಿಸಬೇಕಾದ ಸಂಗತಿಯಲ್ಲ. ಸಮಿತಿಯಲ್ಲಿದ್ದ ನಾಲ್ವರಲ್ಲಿ ಮೂವರು ಮಲಯಾಳಿಗಳು.

ಮಾರ್ಚಿನಲ್ಲಿ ತಿರುವನಂತಪುರದಲ್ಲಿ ಸಂದರ್ಶನ. ಬೆಳಗಿನ ರೈಲಿಗೆ ಎರ್ನಾಕುಲಂ ಸ್ಟೇಷನ್ನಿಗೆ ಹೋದರೆ ಪ್ಲಾಟ್‌ಫಾರಮ್ಮಿನಲ್ಲಿ ಅಪೇಕ್ಷಾ ನಿಂತಿದ್ದಳು, ಅದೇ ಸೆಟ್ಟುಮುಂಡು ಉಟ್ಟುಕೊಂಡು. ನನ್ನನ್ನು ಕಂಡು ಮುಖ ಅರಳಿಸಿ ಹತ್ತಿರ ಬಂದಳು. ಅಭ್ಯರ್ಥಿಯ ಪರಿಚಯವಿದ್ದ ಸದಸ್ಯ ಅದನ್ನು ಮೊದಲೇ ತಿಳಿಸಿ ಹೊರಗೆ ಕೂರಬೇಕು ಎಂಬ ನಿಯಮವಿತ್ತು. ನಾನು ತಿಳಿಸಿರಲಿಲ್ಲ. ಒಳಗಿದ್ದರೆ ತಾನೇ ಅವಳಿಗೆ ಒಂದು ಮಾತು ಸಹಾಯ ಎಂಬುದು ನನ್ನ ಲೆಕ್ಕಾಚಾರ. ಸಮಿತಿಯವರು ಯಾರಾದರೂ ಇದೇ ರೈಲಿನಲ್ಲಿದ್ದರೆ? ನಾನು ಮೊಬೈಲು ತೆಗೆದು ಕಿವಿಗಿಟ್ಟು, ಅವಳಿಗೆ ಬೆನ್ನು ತಿರುಗಿಸಿ, ಯಾರೂ ಇಲ್ಲದ ಫೋನಿನಲ್ಲಿ ಹಲೋ ಹಲೋ ಎಂದೆ. ತಿರುಗಿ ನೋಡುವಾಗ ಅವಳು ಜನರಲ್ ಬೋಗಿಯತ್ತ ನಡೆಯುತ್ತಿದ್ದಳು. ಹುಡುಗಿ ಜಾಣೆ, ಅರ್ಥವಾಗಿತ್ತು. ಅರ್ಥವಾದದ್ದೇ ನನಗೆ ಹೆಚ್ಚು ಚುಚ್ಚಿತು.

ಟ್ರಸ್ಟಿನ ಅಧ್ಯಕ್ಷ ರಾಜೀವ್ ಬಾಗಿಲಲ್ಲೇ ನಮ್ಮನ್ನು ಎದುರುಗೊಂಡು ಒಬ್ಬೊಬ್ಬರಿಗೂ ಜರಿಯ ಶಾಲು ಹೊದೆಸಿದ. ಒಂದು ಪೆನ್ನು, ಒಂದು ಹಿತ್ತಾಳೆ ದೀಪ, ಒಂದು ಲಕೋಟೆ. ಒಳಗೆ ಏಸಿ ಚಳಿ ಬಿಡುತ್ತಿದ್ದುದರಿಂದ ಶಾಲನ್ನು ಯಾರೂ ತೆಗೆಯಲಿಲ್ಲ. ಸೇವೆ, ತ್ಯಾಗ, ನಿಸ್ವಾರ್ಥ ಎಂದು ರಾಜೀವ್ ಕಾಲು ಗಂಟೆ ಮಾತಾಡಿದ. ಕಣ್ಣಿನಲ್ಲಿ ನೀರು ಬೇಕಾದಾಗ ತರಿಸಿಕೊಳ್ಳಬಲ್ಲವನು.

ಅಪೇಕ್ಷಾಳಿಗಿಂತ ಮೊದಲು ಬಂದವನು ಆದರ್ಶ್, ತಿರುವನಂತಪುರದ ಇಂಜಿನಿಯರಿಂಗ್ ಹುಡುಗ. ಸಮುದ್ರತೀರ ಸ್ವಚ್ಛಗೊಳಿಸಿದ್ದನಂತೆ, ನಾನೂರ ಹನ್ನೆರಡು ಗಂಟೆ. ದೊಡ್ಡ ಪರದೆಯ ಮೇಲೆ ಫೋಟೋಗಳು ಬಂದವು. ಜನವರಿಯ ಫೋಟೋದಲ್ಲಿ ಅವನ ಕೈಯಲ್ಲಿ ನೀಲಿ ಮುಚ್ಚಳದ, ಸೊಂಟ ನಜ್ಜುಗುಜ್ಜಾದ ಒಂದು ಬಾಟಲಿ. ಜೂನ್‌ನ ಫೋಟೋದಲ್ಲಿ ಅದೇ ಬಾಟಲಿ. ನವೆಂಬರಿನಲ್ಲೂ ಅದೇ ಬಾಟಲಿ, ಬದಲಾದದ್ದು ಟೀ ಶರ್ಟು ಮಾತ್ರ. ಮೂವತ್ತನಾಲ್ಕು ವರ್ಷ ಖೋಟಾ ಸಹಿ ಹಿಡಿದ ಕಣ್ಣಿಗೆ ಇದು ಕಾಣದೆ ಇರುತ್ತದೆಯೇ? ಗಂಟೆಗಳನ್ನು ದೃಢೀಕರಿಸಿದ ಸಂಘದ ಅಧ್ಯಕ್ಷ ಅವನ ಸೋದರಮಾವ. ಹದಿನೇಳನೆಯ ಕಾಲಮಿನಲ್ಲಿ ಮುದ್ದಾದ ಅಕ್ಷರದಲ್ಲಿ ನಿಲ್ ಎಂದು ಬರೆದಿದ್ದ. ಅದೊಂದು ಮಾತ್ರ ನಿಜವಿರಬೇಕು. ಆ ಬಾಟಲಿ ಅವನಿಗೆ ಏನು ಕೊಟ್ಟೀತು?

ಆಮೇಲೆ ಅಪೇಕ್ಷಾ ಬಂದಳು. ನನ್ನತ್ತ ಕಣ್ಣೆತ್ತಿ ಕೂಡ ನೋಡಲಿಲ್ಲ. ಫೋಟೋ ಇಲ್ಲ, ಒಂದು ನೋಟುಬುಕ್ಕು ಮಾತ್ರ ತಂದಿದ್ದಳು. ಹದಿನೆಂಟು ಜನರ ಹೆಸರು, ಯಾರ ಬೆರಳು ಹಿಡಿಸುತ್ತದೆ, ಯಾರ ಕಣ್ಣು ಹಿಡಿಸುತ್ತದೆ, ಯಾರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಎಲ್ಲ ಅದರಲ್ಲಿತ್ತು. ಅರ್ಧ ಕನ್ನಡ, ಅರ್ಧ ಮಲಯಾಳ. ರಾಜೀವ್ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟು ಅರ್ಜಿ ತಿರುವಿದ. ಮಾತೆಲ್ಲ ಮಲಯಾಳದಲ್ಲೇ ನಡೆಯಿತು, ನನ್ನ ತಲೆಯಲ್ಲಿ ಮಾತ್ರ ಅವಳ ದನಿ ಈಗಲೂ ಅವಳ ಕನ್ನಡದಲ್ಲೇ ಇದೆ.

"ಹದಿನೇಳನೆಯ ಕಾಲಮಿನಲ್ಲಿ ಇದೇನು ಬರೆದಿದ್ದೀರಿ? ಪಳಂಪೊರಿ?"

ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು.

"ಹೌದು ಸರ್. ತಿಂದದ್ದು ನಿಜ ಅಲ್ವಾ, ಅದಕ್ಕೆ ಬರ್ದೆ."

"ಬಟ್ಟೆಯನ್ನೂ ಪಡೆದಿದ್ದೀರಿ. ಬಡ ವೃದ್ಧೆಯರಿಂದ. ಆ ಬಟ್ಟೆ ಈಗ ಎಲ್ಲಿದೆ?"

"ಇದೇ ಸರ್. ಈಗ ಉಟ್ಟದ್ದು." ಅವಳು ಜರಿಯಂಚನ್ನು ಬೆರಳಿನಿಂದ ಒಮ್ಮೆ ಸವರಿ ನೆಟ್ಟಗೆ ಮಾಡಿದಳು. "ಒಳ್ಳೆ ಕೆಲಸಕ್ಕೆ ಹೋಗುವಾಗ ಇದನ್ನೇ ಉಟ್ಟುಕೊಂಡು ಹೋಗು ಹೇಳಿದ್ರು ಅವ್ರು."

"ಅಂದರೆ ಸಾಕ್ಷಿಯನ್ನು ಮೈಮೇಲೆ ಹಾಕಿಕೊಂಡೇ ಬಂದಿದ್ದೀರಿ!" ಈ ಸಲ ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂದು ಹೇಳಿಕೊಳ್ಳಲು ಮನಸ್ಸಾಗುತ್ತದೆ. ಬಾಯಿ ಸ್ವಲ್ಪ ಅಗಲ ಆಗಿತ್ತು.

"ಬೇಡ ಅನ್ನಬಹುದಿತ್ತಲ್ಲ?"

"ಓಣಕ್ಕೋಡಿ ಬೇಡ ಹೇಳಿದ್ರೆ ಅವ್ರಿಗೆ ಸಂಕಟ ಆಗ್ತದೆ ಸರ್." ಆಮೇಲೆ ನಾವು ಹೊದ್ದ ಶಾಲುಗಳನ್ನು ನೋಡಿ, ಯಾವ ಕೊಂಕೂ ಇಲ್ಲದೆ ಕೇಳಿದಳು: "ಪ್ರೀತಿಯಿಂದ ಕೊಟ್ರೆ ನೀವೂ ತಗೊಳ್ತೀರಿ ಅಲ್ವಾ?"

ರಾಜೀವನ ಮುಖ ಬಿಗಿಯಾಯಿತು. ಧನ್ಯವಾದ, ನೀವು ಹೊರಡಬಹುದು ಎಂದ. ಅವಳು ಹೋದ ಮೇಲೆ ನಿಯಮ ಓದಿದ. ಸೇವೆ ಪಡೆದವರಿಂದ ಯಾವುದೇ ಪ್ರತಿಫಲ ಪಡೆದವರು ಅನರ್ಹರು. ಸೇವೆಗೆಂದು ತಿಂಗಳು ತಿಂಗಳು ಹಣ ಕೊಡಲು ಕೂತ ಟ್ರಸ್ಟಿಗೆ, ಸೇವೆ ಮಾಡುತ್ತಾ ಚಹಾ ಕುಡಿದವಳು ಅಪವಿತ್ರಳಾದಳು! ನಾಲ್ವರ ಸಹಿಯೂ ಬೇಕಿತ್ತು. ಹಾಳೆ ನನ್ನ ಮುಂದೆ ಬಂತು. ಈಗ ಬಾಯಿ ಬಿಟ್ಟರೆ, ಇವಳು ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಗೊತ್ತಿದ್ದೂ ಯಾಕೆ ತಿಳಿಸಲಿಲ್ಲ ಎನ್ನುತ್ತಾರೆ. ಮಾನ್ಯ ನಿವೃತ್ತ ಮ್ಯಾನೇಜರರ ಮಾನ ಹೋಗುತ್ತದೆ. ಆ ಹೊಸ ಪೆನ್ನಿನಲ್ಲೇ ಸಹಿ ಮಾಡಿದೆ. ಮಧ್ಯಾಹ್ನ ಬಾಳೆಯೆಲೆಯಲ್ಲಿ ಊಟ, ಎರಡು ಬಗೆಯ ಪಾಯಸ. ಎರಡನ್ನೂ ತಿಂದೆ.

ಮನೆಗೆ ಬಂದು ಭವಾನಿಗೆ ಹೇಳಿದೆ. ಅವಳು ನಮ್ಮ ಕೊಡವ ತಕ್ಕಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಮೆತ್ತಗಾಗಿಬಿಡುತ್ತದೆ. ಆದರೂ ಕೊನೆಯ ಮಾತು ಹೀಗಿತ್ತು: "ನೀವು ಬಾಯಿ ಬಿಟ್ಟಿದ್ರೆ ಮುತ್ತು ಉದುರ್ತಿತ್ತಾ? ಆ ದೀಪಾನ ನನ್ನ ದೇವರ ಕೋಣೆಗೆ ಮಾತ್ರ ತರಬೇಡಿ." ದೀಪ ಶೂ ಇಡುವ ಗೂಡಿನಲ್ಲಿ ಕೂತಿತು.

ಫೆಲೋಶಿಪ್ ಆದರ್ಶ್‌ಗೆ ಹೋಯಿತು. ಅಪೇಕ್ಷಾಳಿಂದ ಒಂದು ಫೋನಿಲ್ಲ, ದೂರಿಲ್ಲ. ನಾನಾಗಿ ಮಾಡಲು ಧೈರ್ಯವಿರಲಿಲ್ಲ.

ಆಗಸ್ಟಿನಲ್ಲಿ ಓಣಂ ಹತ್ತಿರ ಬಂದಾಗ ಭವಾನಿ ನನ್ನನ್ನು ಎಡಪ್ಪಳ್ಳಿಯ ಮಾಲಿಗೆ ಎಳೆದುಕೊಂಡು ಹೋದಳು. ಬಟ್ಟೆ ಅಂಗಡಿಯ ಬಾಗಿಲ ಹತ್ತಿರವೇ ಅಪೇಕ್ಷಾ, ಮೆರೂನ್ ಬಣ್ಣದ ಯೂನಿಫಾರಮ್ಮಿನಲ್ಲಿ, ಓಣಕ್ಕೋಡಿ ಕೊಳ್ಳಲು ಬಂದವರಿಗೆ ಸೆಟ್ಟುಮುಂಡುಗಳನ್ನು ಬಿಡಿಸಿ ಬಿಡಿಸಿ ತೋರಿಸುತ್ತಿದ್ದಳು. ಸಂಜೆ ಐದೂವರೆ. ಮಟ್ಟಾಂಚೇರಿಯ ಬೋಟು ಹಿಡಿಯುತ್ತಿದ್ದ ಹೊತ್ತು. ನಾನು ಕಂಬದ ಹಿಂದೆ ಸರಿಯುವಷ್ಟರಲ್ಲಿ ಅವಳು ನೋಡಿಬಿಟ್ಟಳು.

"ಸರ್! ಹೇಗಿದ್ದೀರಿ? ಒಂದು ಉಪಕಾರ ಆಗ್ಬೇಕಿತ್ತು." ಅವಳ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. "ಕೌಸಲ್ಯಾ ಅಮ್ಮನ ಮಸ್ಟರಿಂಗ್ ಆಗ್ಲಿಲ್ಲ. ಉಳಿದವ್ರದ್ದು ಹೇಗೋ ರಜೆ ಹಾಕಿ ಮಾಡಿಸಿದೆ. ಇನ್ನು ರಜೆ ಕೇಳಿದ್ರೆ ಇವ್ರು ತೆಗೀತಾರೆ. ಶುಕ್ರವಾರ ಕಡೇ ದಿನ. ನೀವು ಕರ್ಕೊಂಡು ಹೋಗ್ತೀರಾ? ಅವ್ರಿಗೆ ಬೆರಳು ಹಿಡಿಸುದಿಲ್ಲ, ಸೀದಾ ಕಣ್ಣು ತೋರಿಸ್ಲಿಕ್ಕೆ ಹೇಳಿ."

"ಅಪೇಕ್ಷಾ, ಅವತ್ತು ನಾನು..." ಎಂದೆ.

"ಗಿರಾಕಿ ಬಂದ್ರು ಸರ್," ಎಂದು ಅವಳು ತಿರುಗಿದಳು.

ಗುರುವಾರವೇ ಹೋದೆ. ಕೌಸಲ್ಯಾಳನ್ನು ಕೈ ಹಿಡಿದು ಅಕ್ಷಯ ಸೆಂಟರಿಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ಎರಡು ಗಂಟೆ. ನಾನು ಹೇಳಿದರೂ ಕೇಳದೆ ಅಲ್ಲಿನವನು ಮೂರು ಸಲ ಬೆರಳು ಒತ್ತಿಸಿ, ಕೈ ತೊಳೆದುಕೊಂಡು ಬರಬಾರದೇ ಅಮ್ಮಚ್ಚಿ ಎಂದ. ಅವನ ಬಾಯಲ್ಲಿ ನನ್ನದೇ ಮಾತು ಕೇಳಿ ಅಸಹ್ಯವಾಯಿತು. ಕೊನೆಗೆ ಕಣ್ಣು ಹಿಡಿಸಿತು, ಚೀಟಿ ಬಂತು. ಕೌಸಲ್ಯಾ ಇನ್ನೊಂದು ವರ್ಷ ಬದುಕಿದ್ದಾಳೆ ಎಂದಾಯಿತು.

ಚಹಾ ಕುಡಿಯದೆ ಬಿಡುವುದಿಲ್ಲ ಎಂದು ಮನೆಗೆ ಕರೆದಳು. ಒಂದೇ ಕೋಣೆ. ಅಶ್ರಫ್‌ನ ಉಮ್ಮ ಆಗಲೇ ಬಂದು ಕೂತಿದ್ದಳು, ಇನ್ನೂ ನಾಲ್ಕೈದು ಮಂದಿ ಬಾಗಿಲಲ್ಲಿದ್ದರು. ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು.

"ಸಾರೇ, ನಮ್ಮ ಮೋಳ್‌ಗೆ ತಿರುವನಂತಪುರದ ಆ ಕೆಲಸ ಸಿಕ್ಕಿತಲ್ಲ, ನಮಗೆಷ್ಟು ಖುಷಿ," ಎಂದಳು ಕೌಸಲ್ಯಾ. "ದೊಡ್ಡ ಕೆಲಸ, ಅದಕ್ಕೇ ಈಗ ಬರಲು ಪುರುಸೊತ್ತಿಲ್ಲ ಪಾಪ. ನಮ್ಮ ಓಣಕ್ಕೋಡಿ ಉಟ್ಟುಕೊಂಡು ಹೋಗಿದ್ದಕ್ಕೇ ಸಿಕ್ಕಿತು ಅಂದಳು. ಅಲ್ಲಿ ಸಾರ್ ಕೂತಿದ್ದರು, ನನ್ನ ಪರವಾಗಿ ಮಾತಾಡಿದರು ಅಂತಲೂ ಹೇಳಿದಳು."

ಅರ್ಜಿಯಲ್ಲಿ ಒಂದು ಸುಳ್ಳು ಬರೆಯಲಾರದ ಹುಡುಗಿ ಇಲ್ಲಿ ಮೂರು ಸುಳ್ಳು ಹೇಳಿದ್ದಳು. ತಾವು ಕೊಟ್ಟ ಬಟ್ಟೆಯೇ ಅವಳಿಗೆ ಮುಳುವಾಯಿತೆಂದು ಈ ಮುದುಕಿಯರಿಗೆ ಎಂದೂ ಗೊತ್ತಾಗಬಾರದು, ಅಷ್ಟೇ. ನಾನು ನಿಜ ಹೇಳಲು ಬಾಯಿ ತೆರೆದೆ. ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು, ಅವರದು ಒಡೆಯುತ್ತಿತ್ತು. ಮುಚ್ಚಿದೆ.

ಕೌಸಲ್ಯಾ ಹಾಸಿಗೆಯ ಕೆಳಗಿನಿಂದ ಟ್ರಂಕು ಎಳೆದು ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು. ಒಳಗೆ ಗಂಡಸರು ಉಡುವ ಹೊಸ ಡಬಲ್ ಮುಂಡು, ತೆಳು ಜರಿಯಂಚಿನ ಪಂಚೆ. "ಎಲ್ಲರೂ ಸೇರಿ ತಂದದ್ದು. ಮೋಳ್‌ಗೆ ಒಳ್ಳೆಯದು ಮಾಡಿದಿರಲ್ಲ ಸಾರೇ. ಓಣಂಗೆ ಉಟ್ಟುಕೊಳ್ಳಬೇಕು." ಗೆರೆಯಿಲ್ಲದ ಆ ಬೆರಳುಗಳು ಬಟ್ಟೆಯನ್ನು ನನ್ನತ್ತ ಚಾಚಿದವು.

ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಬೇಡ ಎಂದರೆ ಅವರಿಗೆ ಸಂಕಟವಾಗುತ್ತದೆ.